ಎರಡು ಗಾಡಿಗಳ ನಡುವಿನ ಹೊತ್ತು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಂಗೇರಿ, ಬಿಡದಿ ಕಡೆಯವರೇ ಜಾಸ್ತಿ. ಮೈಸೂರು ರೈಲು ಲೈನಿನಲ್ಲಿ ಕರೆಂಟ್ ಕೆಲಸ ನಡೆಯುವಾಗ "ಕಂಬ ನೆಟ್ಟಾಯ್ತು, ತಂತಿ ಯಾವಾಗ?" ಅಂತ ನೀವೂ ಕೇಳಿರುತ್ತೀರಿ. ನಾನೂ ಕೇಳಿದ್ದೆ.

ಜೋಲಾರಪೇಟೆಯಿಂದ ನಮ್ಮ ಬೆಂಗಳೂರಿನ ದಂಡು ಸ್ಟೇಷನ್ನಿಗೆ ರೈಲು ಬಂದದ್ದು 1864ರಲ್ಲಿ. ಆ ದಾರಿಗೆ ವಿದ್ಯುತ್ ಬಂದದ್ದು 1990ರ ದಶಕದ ಶುರುವಿನಲ್ಲಿ. ಅಲ್ಲಿಂದ ಮೈಸೂರು ಮುಟ್ಟಲು ಮತ್ತೆ ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು. ಅಲ್ಲಿಯವರೆಗೆ ಚೆನ್ನೈ ಗಾಡಿ ಇಲ್ಲಿ ನಿಂತು ಇಂಜಿನ್ ಬದಲಿಸಬೇಕಿತ್ತು. ಡೀಸೆಲ್ ಇಂಜಿನ್ ಬಂದು ತಗುಲಿಕೊಂಡಾಗ ನಿದ್ದೆಗಣ್ಣಲ್ಲಿ ಆಗುತ್ತಿದ್ದ ಕುಲುಕು ನೆನಪಿದೆ ಅಲ್ವಾ?

ಗಾಡಿ ಓಡುತ್ತಿರುವ ಲೈನಿನಲ್ಲಿ ಕೆಲಸ ಮಾಡಲು 'ಬ್ಲಾಕ್' ಕೇಳಬೇಕು. ಇಷ್ಟು ಹೊತ್ತು ಈ ಎರಡು ಸ್ಟೇಷನ್ ನಡುವೆ ಗಾಡಿ ಬಿಡುವುದಿಲ್ಲ ಅಂತ ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್‌ನವರು ಕೊಡುವ ಮಾತು ಅದು. ಎರಡು ಗಂಟೆ ಸಿಕ್ಕಿತು ಅಂದುಕೊಳ್ಳಿ. ತಂತಿ ಕೆಲಸದವರನ್ನು ಮೇಲೆ ನಿಲ್ಲಿಸಿಕೊಂಡು ಹಳಿ ಮೇಲೆ ಓಡುವ ಟವರ್ ವ್ಯಾಗನ್ ಸ್ಟೇಷನ್ನಿಂದ ಹೊರಟು ಜಾಗ ಮುಟ್ಟಬೇಕು, ಹೊತ್ತಿಗೆ ಸರಿಯಾಗಿ ಹಳಿ ಬಿಟ್ಟು ವಾಪಸ್ ಬರಬೇಕು. ಹಿಂದಿನ ಗಾಡಿ ಲೇಟಾದರೆ ಆ ಹೊತ್ತೂ ಈ ಕೆಲಸದವರ ಎರಡು ಗಂಟೆಯಲ್ಲೇ ಕಳೆಯುತ್ತದೆ. ನೇರ ದಾರಿಯಲ್ಲೂ ಕಂಬದಿಂದ ಕಂಬಕ್ಕೆ ಹೆಚ್ಚೆಂದರೆ 72 ಮೀಟರ್. ತಿರುವಿನಲ್ಲಿ ಇನ್ನೂ ಹತ್ತಿರ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರ್. ಸುಮ್ನೆ ಲೆಕ್ಕ ಹಾಕಿ, ಒಂದು ಹಳಿಗೇ 1,900 ಕಂಬ ದಾಟುತ್ತದೆ.

ಇದೇ ಲೈನಿನಲ್ಲಿ ಜೋಡಿ ಹಳಿ ಕೆಲಸವೂ ಇತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಅದಕ್ಕೆ ಹಿಡಿದ ಹೊತ್ತಿನ ಬಗ್ಗೆ ನನಗೆ ಒಂಚೂರೂ ಬೇಸರವಿಲ್ಲ.

ಇನ್ನು ತಂತಿ. ನೇರ ಹಳಿಯ ಮೇಲೂ ಅದನ್ನು ನೇರ ಎಳೆಯುವುದಿಲ್ಲ. ಒಂದು ಕಂಬದಲ್ಲಿ ಎಡಕ್ಕೆ 20 ಸೆಂಟಿಮೀಟರ್, ಮುಂದಿನದರಲ್ಲಿ ಬಲಕ್ಕೆ ಅಷ್ಟೇ. ನೇರ ಎಳೆದರೆ ತಂತಿಗೆ ತಾಗಿಕೊಂಡು ಕರೆಂಟ್ ಎಳೆಯುವ ಇಂಜಿನ್ ನೆತ್ತಿಯ ಪ್ಯಾಂಟೋಗ್ರಾಫ್ ಒಂದೇ ಕಡೆ ಸವೆಯುತ್ತದೆ, ಬಾವಿಕಟ್ಟೆ ಕಲ್ಲಿಗೆ ಹಗ್ಗದ ಗೀರು ಬಿದ್ದ ಹಾಗೆ. ಕೆಲವು ಕಂಬಗಳಿಗೆ ತೂಕದ ಬಿಲ್ಲೆಗಳನ್ನು ಪೇರಿಸಿ ತೂಗಿಬಿಟ್ಟಿರುತ್ತಾರೆ. ಬಿಸಿಲಿಗೆ ತಾಮ್ರ ಹಿಗ್ಗಿದಾಗ ತೂಕ ಕೆಳಗಿಳಿದು ತಂತಿ ಜೋಲದಂತೆ ಬಿಗಿಯುತ್ತದೆ, ಚಳಿಗೆ ಮೇಲೇರುತ್ತದೆ. ಡಿಸೆಂಬರ್ ಬೆಳಗ್ಗೆ ನೋಡಿದ್ದ ಕಂಬವನ್ನೇ ಏಪ್ರಿಲ್ ಮಧ್ಯಾಹ್ನ ಮತ್ತೆ ನೋಡಿದೆ. ತೂಕ ಮೊಳಕ್ಕೂ ಜಾಸ್ತಿ ಇಳಿದಿತ್ತು. ಇಂಥ ಒಂದೊಂದನ್ನೂ ಜನ ಮೇಲೆ ನಿಂತು, ಕೈಯಲ್ಲಿ ಅಳೆದು, ಬ್ಲಾಕ್ ಮುಗಿಯುವುದರೊಳಗೆ ಕೂರಿಸಬೇಕು.

ತಂತಿಗೆ ಕರೆಂಟ್ ಬಿಟ್ಟ ಮೇಲೂ ಬ್ಲಾಕ್ ತಪ್ಪುವುದಿಲ್ಲ. ಒಂದು ಬೋಲ್ಟ್ ಬಿಗಿ ಮಾಡಬೇಕಾದರೂ ಕರೆಂಟ್ ತೆಗೆಸಿ, ಎರಡೂ ಕಡೆ ತಂತಿಗೆ ಅರ್ಥ್ ಹಾಕಿ, ಅಂದರೆ ನೆಲಕ್ಕೆ ಜೋಡಿಸಿಯೇ ಹತ್ತುತ್ತಾರೆ. ಮೆಮು ರದ್ದು ಅಂತ ಮೊಬೈಲಿಗೆ ಬರುತ್ತದಲ್ಲ, ಎಷ್ಟೋ ಸಲ ಅದು ಇದಕ್ಕೇ.

ಅಲ್ಲಿರುವುದು 25,000 ವೋಲ್ಟ್. ಮುಟ್ಟಬೇಕೆಂದೇ ಇಲ್ಲ, ಎರಡು ಮೀಟರ್ ಒಳಗೆ ಹೋದರೂ ಪ್ರಾಣಕ್ಕೆ ಅಪಾಯ. ನಿಂತ ಗೂಡ್ಸ್ ವ್ಯಾಗನ್ ಹತ್ತಿ ಫೋಟೋ ತೆಗೆಯಬೇಡಿ ಅಂತ ಇವತ್ತೇ ಮನೆಗೆ ಹೋಗಿ ಮಕ್ಕಳಿಗೆ ಹೇಳಿ.