ಪವರ್ ಬಟನ್ ಒತ್ತಿದಾಗ ಪ್ರೊಸೆಸರ್ ಮೊದಲು ಎಲ್ಲಿ ನೋಡುತ್ತದೆ?

(ದೃಶ್ಯ: ಬೀದರ್, ನೌಬಾದ್ ಹತ್ತಿರದ ಸುರಂಗ ಬಾವಿ. ಮೇಲಿನ ಕಿಂಡಿಯಿಂದ ಕ್ಯಾಮೆರಾ ಕೆಳಗೆ ನೋಡುತ್ತಿದೆ.)

ಶರಣು ಶರಣಾರ್ಥಿ. ನಮ್ಮ ಬೀದರಿನ ಸುರಂಗ ಬಾವಿ ನೋಡಿದ್ದೀರಲ್ವಾ? ಬಹಮನಿ ಕಾಲದ್ದು. ನೆಲದ ಕೆಳಗೆ ಕಾಲುವೆ, ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಬಗ್ಗಿ ನೋಡಿದರೆ ಕೆಳಗಿನ ಕಾಲುವೆ ಕಾಣುತ್ತದೆ. ನೀರು ಮೇಲೆ ಬಂದಿರುವುದಿಲ್ಲ, ತನ್ನ ಜಾಗದಲ್ಲೇ ಇರುತ್ತದೆ. ಕಂಪ್ಯೂಟರ್ ಆನ್ ಆಗುವ ಮೊದಲ ಕ್ಷಣದಲ್ಲೂ ಇಂಥದ್ದೇ ಒಂದು ಕಿಂಡಿ ಇರುತ್ತದೆ. ಅದರ ಲೆಕ್ಕ ತಪ್ಪಿ ನಾನು ಎರಡು ದಿನ ಒದ್ದಾಡಿದ್ದೇನೆ.

(ದೃಶ್ಯ: ಮೇಜಿನ ಮೇಲೆ ಮದರ್‌ಬೋರ್ಡ್. ಎಂಟು ಕಾಲಿನ ಚಿಪ್ ಹತ್ತಿರದಿಂದ.)

ಬಯೋಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್, ಇರುವುದು ಈ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಬಟನ್ ಒತ್ತಿದಾಗ ರ‍್ಯಾಮ್ ಇನ್ನೂ ಕೆಲಸಕ್ಕೆ ಸಿದ್ಧವಿರುವುದಿಲ್ಲ. ಅದನ್ನು ಸಿದ್ಧ ಮಾಡುವ ಕೋಡ್ ಕೂಡ ಇದೇ ಚಿಪ್‌ನಲ್ಲಿದೆ. ಹಾಗಾದರೆ ಆ ಕೋಡನ್ನು ಪ್ರೊಸೆಸರ್ ಓದುವುದು ಹೇಗೆ? ಚಿಪ್‌ಸೆಟ್ (ಪ್ರೊಸೆಸರ್ ಮತ್ತು ಉಳಿದ ಭಾಗಗಳ ನಡುವಿನ ಕೊಂಡಿ) ಒಂದು ಉಪಾಯ ಮಾಡುತ್ತದೆ. ಮೆಮೊರಿ ವಿಳಾಸಗಳಲ್ಲಿ ಒಂದಿಷ್ಟನ್ನು ಫ್ಲ್ಯಾಶ್ ಚಿಪ್ ಕಡೆ ತಿರುಗಿಸುತ್ತದೆ. ಪ್ರೊಸೆಸರ್ ಸುಮ್ನೆ ಮೆಮೊರಿ ಓದಿದಂತೆ ಓದುತ್ತದೆ, ಉತ್ತರ ಬರುವುದು ಚಿಪ್‌ನಿಂದ. ಇದಕ್ಕೇ ಮೆಮೊರಿ ಮ್ಯಾಪಿಂಗ್ ಅನ್ನುವುದು. ಹೀಗೆ ತಿರುಗಿಸಿದ ವಿಳಾಸಗಳೇ ನಾನು ಹೇಳಿದ ಕಿಂಡಿ.

ಈಗ ಸ್ವಲ್ಪ ಗಮನ ಕೊಡಿ. 386ರಿಂದ ಈಚಿನ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳು ಮೊದಲ ಸೂಚನೆ ಹುಡುಕುವುದು 4 ಜಿಬಿ ಗಡಿಗಿಂತ 16 ಬೈಟ್ ಕೆಳಗೆ. 16 ಬೈಟ್‌ನಲ್ಲಿ ಎಷ್ಟು ಕೋಡ್ ಹಿಡಿಸೀತು? ಹಾಗಾಗಿ ಅಲ್ಲಿರುವುದು ಬೇರೆ ಕಡೆಗೆ ಕಳಿಸುವ ಒಂದು ಜಂಪ್ ಮಾತ್ರ.

ಅದಕ್ಕೇ ಚಿಪ್‌ನ ಕೊನೆಯ ಬೈಟ್ 4 ಜಿಬಿ ಗಡಿಗೆ ತಾಗಿಕೊಂಡಿರಬೇಕು. ಲೆಕ್ಕ ಶುರುವಾಗುವುದು ಮೇಲಿನಿಂದ. 4 ಜಿಬಿ ಅಂದರೆ 4096 ಎಂಬಿ. ನಿಮ್ಮದು 8 ಎಂಬಿ ಚಿಪ್ ಆದರೆ ಅದು 4088ರಿಂದ 4096ರವರೆಗೆ ಕಾಣುತ್ತದೆ. 4 ಎಂಬಿ ಆದರೆ 4092ರಿಂದ.

(ಪರದೆಯ ಮೇಲೆ: ಉದ್ದನೆಯ ಪಟ್ಟಿ. ತುದಿಯಲ್ಲಿ 4096, ಕೆಳಗೆ 4092, 4088.)

ನನ್ನ ತಪ್ಪು ಇಲ್ಲೇ ಆಯಿತು. ಅಣ್ಣನ ಹಳೇ ಡೆಸ್ಕ್‌ಟಾಪ್‌ಗೆ ಕೋರ್‌ಬೂಟ್ ಹಾಕುತ್ತಿದ್ದೆ. ಕೋರ್‌ಬೂಟ್ ಬಯೋಸ್ ಜಾಗದಲ್ಲಿ ಹಾಕುವ, ಎಲ್ಲರಿಗೂ ತೆರೆದಿರುವ ಫರ್ಮ್‌ವೇರ್. 1999ರಲ್ಲಿ ಲಿನಕ್ಸ್‌ಬಯೋಸ್ ಅನ್ನುವ ಹೆಸರಿನಲ್ಲಿ ಶುರುವಾಯಿತು. 4 ಎಂಬಿ ಚಿಪ್ ತೆಗೆದು 8 ಎಂಬಿಯದನ್ನು ಕೂರಿಸಿದೆ. ಕೋರ್‌ಬೂಟ್‌ನ ಸೆಟ್ಟಿಂಗ್ ಮಾತ್ರ 4ರಲ್ಲೇ ಉಳಿಯಿತು, ಹಾಗಾಗಿ ತಯಾರಾದ ಫೈಲೂ 4 ಎಂಬಿ. ಪ್ರೋಗ್ರಾಮರ್ (ಚಿಪ್‌ಗೆ ಬರೆಯುವ ಸಾಧನ) ಆ 4 ಎಂಬಿ ಫೈಲನ್ನು ಚಿಪ್‌ನ ಮೊದಲ ಅರ್ಧಕ್ಕೆ ಬರೆಯಿತು. ಪ್ರೊಸೆಸರ್ ನೋಡುವುದು ಕೊನೆಯ ಅರ್ಧದ ತುದಿಯನ್ನು. ಅಲ್ಲಿ ಏನೂ ಇಲ್ಲ, ಅಳಿಸಿದ ಫ್ಲ್ಯಾಶ್‌ನಲ್ಲಿ ಇರುವಂತೆ ಬರೀ ಎಫ್‌ಗಳ ಸಾಲು. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ರ‍್ಯಾಮ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ. ಚಿಪ್ ಅಳತೆಯ ಕಡೆ ಮನಸ್ಸೇ ಹೋಗಲಿಲ್ಲ.

(ಪರದೆಯ ಮೇಲೆ: ಕೋರ್‌ಬೂಟ್ ಮೆನು.)

ಕೋರ್‌ಬೂಟ್‌ನಲ್ಲಿ 'ಮೇಕ್ ಮೆನುಕಾನ್ಫಿಗ್' ಕೊಟ್ಟು ಮೇನ್‌ಬೋರ್ಡ್ ಮೆನುವಿಗೆ ಹೋಗಿ. 'ROM chip size' ಅಂತ ಇರುತ್ತದೆ. ಇಲ್ಲಿ ROM ಅಂದರೆ ನಮ್ಮ ಫ್ಲ್ಯಾಶ್ ಚಿಪ್, ರ‍್ಯಾಮ್ ಅಲ್ಲ. ಇದು ಬರೀ ಅಳತೆ ಅಂತ ತಿಳಿಯಬೇಡಿ. ಯಾವ ಫೈಲ್ ಯಾವ ವಿಳಾಸದಲ್ಲಿ ಕಾಣಬೇಕು ಅನ್ನುವುದು ಇದರಿಂದಲೇ ನಿರ್ಧಾರವಾಗುತ್ತದೆ. ರ‍್ಯಾಮ್ ಬರುವ ಮೊದಲು ಕೋಡ್ ಫ್ಲ್ಯಾಶ್‌ನಲ್ಲಿದ್ದಲ್ಲಿಯೇ ಓಡುತ್ತದೆ. ವಿಳಾಸ ತಪ್ಪಿದರೆ ಅದು ಓಡುವುದೇ ಇಲ್ಲ. ಕೆಲವು ಹಳೇ ಚಿಪ್‌ಸೆಟ್‌ಗಳು ಮೊದಲಿಗೆ ಚಿಕ್ಕ ಕಿಂಡಿಯನ್ನಷ್ಟೇ ತೆರೆದಿರುತ್ತವೆ. ಅದನ್ನು ಅಗಲ ಮಾಡುವುದು ಬೂಟ್‌ಬ್ಲಾಕ್‌ನ, ಅಂದರೆ ಕೋರ್‌ಬೂಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಓಡುವ ತುಂಡಿನ ಕೆಲಸ.

ಈಚಿನ ಇಂಟೆಲ್ ಬೋರ್ಡ್ ಇದ್ದವರಿಗೆ ಒಂದು ಮಾತು. ಅಲ್ಲಿ ಚಿಪ್‌ನ ಮೊದಲಲ್ಲಿ ಡಿಸ್ಕ್ರಿಪ್ಟರ್ (ಯಾವ ಭಾಗ ಎಲ್ಲಿದೆ ಅಂತ ಹೇಳುವ ಪಟ್ಟಿ) ಇರುತ್ತದೆ, ಚಿಪ್ ಭಾಗಗಳಾಗಿ ಹಂಚಿರುತ್ತದೆ. ಕಿಂಡಿಯಲ್ಲಿ ಕಾಣುವುದು ಬಯೋಸ್ ಭಾಗ ಮಾತ್ರ.

ಈ ಕಿಂಡಿಗೂ ಮಿತಿ ಇದೆ, 16 ಎಂಬಿ. 32 ಎಂಬಿ ಚಿಪ್ ಹಾಕಿದರೆ? ಇಂಟೆಲ್‌ನ ಹೊಸ ಚಿಪ್‌ಸೆಟ್‌ಗಳು ಬೇರೊಂದು ವಿಳಾಸದಲ್ಲಿ ಎರಡನೇ ಕಿಂಡಿ ತೆರೆಯುತ್ತವೆ. ಅದು ಎಲ್ಲಿ ಶುರು, ಎಷ್ಟು ಅಗಲ ಅಂತ ಕೋರ್‌ಬೂಟ್‌ಗೆ ತಿಳಿಸಬೇಕು. ಆದರೆ ಎರಡು ಕಿಂಡಿಗಳ ವಿಳಾಸಗಳು ಅಕ್ಕಪಕ್ಕ ಇರುವುದಿಲ್ಲ. ಒಂದೇ ಫೈಲ್ ಆ 16 ಎಂಬಿ ಗಡಿಯ ಮೇಲೆ ಕೂತರೆ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಆಗುತ್ತದೆ. ಫ್ಲ್ಯಾಶ್ ಭಾಗ ಮಾಡುವಾಗ ಆ ಗಡಿ ದಾಟಬೇಡಿ.

ಮೊಬೈಲ್‌ಗಳಲ್ಲಿ ಇರುವಂಥ ಎಆರ್‌ಎಂ ಪ್ರೊಸೆಸರ್‌ನ ಎಷ್ಟೋ ಬೋರ್ಡ್‌ಗಳಲ್ಲಿ ಕಿಂಡಿಯೇ ಇಲ್ಲ. ಚಿಪ್‌ನಿಂದ ತುಂಡು ತುಂಡಾಗಿ ಒಳಗಿನ ಚಿಕ್ಕ ಮೆಮೊರಿಗೆ ತಂದುಕೊಳ್ಳಬೇಕು. ಅದಕ್ಕೆ ಬೇರೆ ವಿಡಿಯೋನೇ ಬೇಕು.

(ದೃಶ್ಯ: ಪ್ರೋಗ್ರಾಮರ್‌ನಲ್ಲಿ ಚಿಪ್. ಪರದೆಯಲ್ಲಿ ಅಂಕಿಗಳ ಸಾಲು.)

ಚಿಪ್ ಬರೆದ ಮೇಲೆ ಬೋರ್ಡಿಗೆ ಹಾಕುವ ಅವಸರ ಮಾಡಬೇಡಿ. ಇಡೀ ಚಿಪ್ಪನ್ನು ವಾಪಸ್ ಓದಿ, ಬೈಟ್‌ಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಕೊನೆಯ 16 ಬೈಟ್ ನೋಡಿ. ಎಲ್ಲವೂ ಎಫ್ ಇದ್ದರೆ ಅಲ್ಲೇ ನಿಲ್ಲಿ. ಸೈಜ್ ಸರಿ ಮಾಡಿ, ಮತ್ತೆ ಬಿಲ್ಡ್ ಮಾಡಿ, ಮತ್ತೆ ಬರೆಯಿರಿ. ಅಣ್ಣನ ಡೆಸ್ಕ್‌ಟಾಪ್ ಶುರುವಾಗಿದ್ದು ಹಾಗೆಯೇ.