ಯಂತ್ರ ತಪ್ಪಿದಾಗ ಉತ್ತರ ಹೇಳುವವರು ಯಾರು?

ಎಲ್ಲರಿಗೂ ನಮಸ್ಕಾರ. ಎಐ ಒಳ್ಳೆಯದೋ ಕೆಟ್ಟದ್ದೋ ಹೇಳಿ ಎಂದು ಸಂಘಟಕರು ಕೇಳಿದ್ದರು. ಆ ಚರ್ಚೆಗೆ ನಾನು ಇಳಿಯುವುದಿಲ್ಲ. ನನಗಿರುವುದು ಒಂದೇ ಪ್ರಶ್ನೆ. ಅದು ತಪ್ಪಿದಾಗ ಯಾರನ್ನು ಹಿಡಿದು ಕೇಳಬೇಕು?

ವಿಜಯಪುರದಲ್ಲಿ ಮಾತಾಡುವಾಗ ದ್ರಾಕ್ಷಿಯಿಂದಲೇ ಶುರು ಮಾಡಬೇಕು. ತಿಕೋಟಾ ಕಡೆಯ ಬೆಳೆಗಾರರೂ ಬಂದಿದ್ದೀರಿ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಮಳೆ ಹಿಡಿದರೆ ನಿಮಗೆ ನಿದ್ದೆ ಇರುವುದಿಲ್ಲ, ಅಲ್ವಾ? ಎಲೆ ಮೇಲೆ ಹಳದಿ ಮಚ್ಚೆ ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆದು ಆ್ಯಪ್‌ಗೆ ಹಾಕುತ್ತೀರಿ. ರೋಗದ ಹೆಸರು ಬರುತ್ತದೆ, ಔಷಧಿಯ ಹೆಸರೂ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಯಾವ ಅಧಿಕಾರಿ ಹೀಗೆ ಕೈಗೆ ಸಿಗುತ್ತಾರೆ ಹೇಳಿ? ಇದು ಸಣ್ಣ ಅನುಕೂಲವಲ್ಲ.

ಆದರೆ ಅನುಭವಸ್ಥರು ಮೊದಲು ಎಲೆ ತಿರುಗಿಸುತ್ತಾರೆ. ಮೇಲೆ ಎಣ್ಣೆ ಬಿದ್ದಂಥ ಮಚ್ಚೆ, ಅದರ ಕೆಳಗೇ ಬಿಳಿ ಬೂಜು ಇದ್ದರೆ ದಾವಣಿ ರೋಗ. ಬೂದಿ ಉದುರಿದಂತಿದ್ದರೆ ಬೂದಿ ರೋಗ. ಎರಡೂ ಬೇರೆ ರೋಗ, ಔಷಧಿಯೂ ಬೇರೆ. ನೀವು ಎಲೆಯ ಮೇಲ್ಭಾಗವನ್ನಷ್ಟೇ ತೋರಿಸಿದರೆ ಆ್ಯಪ್ ಹಿಂಬದಿ ನೋಡಿಯೇ ಇಲ್ಲ. ಆದರೂ ಧೈರ್ಯವಾಗಿ ಉತ್ತರ ಕೊಟ್ಟುಬಿಡಬಹುದು. ತಪ್ಪು ಔಷಧಿ ಹೊಡೆದರೆ ಖರ್ಚೂ ನಿಮ್ಮದೇ, ಲುಕ್ಸಾನೂ ನಿಮ್ಮದೇ.

ಟಿಬಿ ತಪಾಸಣೆಯಲ್ಲೂ ಇದೇ ಪ್ರಶ್ನೆ. 15 ವರ್ಷ ದಾಟಿದವರ ಎದೆಯ ಎಕ್ಸ್‌ರೇ ಓದಲು ಕಂಪ್ಯೂಟರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಎಕ್ಸ್‌ರೇ ಓದುವ ಡಾಕ್ಟರು ಇಲ್ಲದ ಊರಿಗೆ ಇದರಿಂದ ಬಹಳ ಉಪಯೋಗ. ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಎಷ್ಟು ಅಂಕ ಬಂದರೆ ಕಫ ಪರೀಕ್ಷೆಗೆ ಕಳಿಸಬೇಕು ಎಂಬ ಗೆರೆ ಎಳೆಯುವವರು ಮನುಷ್ಯರು. ಗೆರೆ ಕೆಳಗಿಳಿಸಿದರೆ ರೋಗವಿಲ್ಲದವರೂ ಪರೀಕ್ಷೆಗೆ ಅಲೆಯುತ್ತಾರೆ. ಮೇಲೇರಿಸಿದರೆ ರೋಗಿಗಳೇ ಕೈತಪ್ಪಿ ಹೋಗುತ್ತಾರೆ. ಆ ಗೆರೆ ಎಳೆದವರ ಹೆಸರು ಎಲ್ಲಾದರೂ ಬರೆದಿರಬೇಕಲ್ಲವೇ?

ದನಿ ನಕಲು ಮಾಡಿ ದುಡ್ಡು ಕೇಳುವ ಮೋಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪೇಪರಿನಲ್ಲಿ ಓದಿಯೇ ಇರುತ್ತೀರಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನಗೆ ಹೆಚ್ಚು ಭಯ ಇರುವುದು ಸರ್ಕಾರಿ ಕಚೇರಿಯ ಕಂಪ್ಯೂಟರಿನ ಬಗ್ಗೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸಹಾಯಧನ ಪಡೆದ ಸಾವಿರಾರು ಕುಟುಂಬಗಳಿಗೆ ತೆರಿಗೆ ಇಲಾಖೆ ಮೋಸಗಾರರ ಪಟ್ಟ ಕಟ್ಟಿತು. ಯಾರ ಮೇಲೆ ಕಣ್ಣಿಡಬೇಕು ಎಂದು ಆರಿಸಲು ಕಂಪ್ಯೂಟರ್ ವ್ಯವಸ್ಥೆಯನ್ನೂ ಬಳಸಿದ್ದರು. ಬೇರೆ ದೇಶದ ಪೌರತ್ವವನ್ನು ಅದು ಅನುಮಾನದ ಗುರುತಾಗಿ ಎಣಿಸುತ್ತಿತ್ತು. ಹಣ ವಾಪಸ್ ಕಟ್ಟುವುದರಲ್ಲೇ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು.

ನಮ್ಮಲ್ಲಿ? ಅಜ್ಜಿಯ ಪಿಂಚಣಿ ನಿಂತಿತೆಂದು ಕಚೇರಿಗೆ ಹೋದರೆ ‘ಸಿಸ್ಟಮ್ ತಗೊಳವಲ್ದರೀ’ ಎಂಬ ಉತ್ತರ ಬರುತ್ತದೆ. ಎಐ ಬರುವ ಮೊದಲೇ ನಮಗೆ ಈ ಉತ್ತರ ರೂಢಿಯಾಗಿದೆ, ಅದೇ ಅಪಾಯ. ಅಂಥ ಹೊತ್ತಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ನೆನಪಿಡಿ. ಆಡಳಿತದ ತೀರ್ಮಾನದಿಂದ ಯಾರಿಗೆ ತೊಂದರೆಯಾಯಿತೋ ಅವರಿಗೆ ಕಾರಣ ತಿಳಿಸಬೇಕು ಎನ್ನುತ್ತದೆ ಅದು. ಕಂಪ್ಯೂಟರ್ ತೀರ್ಮಾನಿಸಿದರೆ ಕಾರಣ ಬೇಡ ಎಂದು ಎಲ್ಲೂ ಬರೆದಿಲ್ಲ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದುಕೊಡಿ.

ಸಾಲ ಕೊಡಲು ಒಪ್ಪದ ಖಾಸಗಿ ಆ್ಯಪ್‌ ಮುಂದೆ ಈ ಸೆಕ್ಷನ್ ನಡೆಯುವುದಿಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯಲ್ಲಿ ತಪ್ಪು ಮಾಹಿತಿ ತಿದ್ದಿಸುವ ಹಕ್ಕು ಇದೆ. ಯಂತ್ರ ‘ಇಲ್ಲ’ ಎಂದದ್ದಕ್ಕೆ ಕಾರಣ ಕೇಳುವ ಹಕ್ಕು ಅದರಲ್ಲಿ ಇಲ್ಲ. ಕಾನೂನು ಓದುವ ಹುಡುಗರು, ಹುಡುಗಿಯರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಈ ಹಕ್ಕು ಕಾಯ್ದೆಯಲ್ಲಿ ಹೇಗೆ ಬರಬೇಕು? ನಿಮ್ಮಿಂದಲೇ ಸಂವಾದ ಶುರುವಾಗಲಿ, ಮೈಕ್ ಆ ಕಡೆ ಕೊಡಿ.