ಬೆಟ್ಟವನ್ನು ಅಷ್ಟು ಚೊಕ್ಕ ಮಾಡಬೇಡಿ

ಎಲ್ಲರಿಗೂ ನಮಸ್ಕಾರ.

‘ಸ್ವಂತ ಕಾಡು ಮತ್ತು ವನ್ಯಜೀವಿ’ ಎಂಬ ವಿಷಯವನ್ನು ಸಂಘದವರು ನನಗೆ ಕೊಟ್ಟಿದ್ದಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಾದ, ಇಲ್ಲಿ ಕುಳಿತವರಲ್ಲಿ ಹೆಚ್ಚಿನವರದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಅಂದರೆ ಒಣ ತರಗೆಲೆ, ಸೌದೆ ಸಿಗಲೆಂದು ಬ್ರಿಟಿಷರ ಕಾಲದಲ್ಲಿ, ಘಟ್ಟದ ಮೇಲೆ, ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೂ ಬಿಟ್ಟುಕೊಟ್ಟ ಕಾಡು ಅದು. ನೆಲ ಸರ್ಕಾರದ್ದು, ಅನುಭೋಗದ ಹಕ್ಕು ನಮ್ಮದು. ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಶಿವಮೊಗ್ಗದ ಕಾನು ಇಂಥವೇ, ಆದರೆ ಒಂದೊಂದರ ಕಾನೂನೂ ಬೇರೆ. ಕೆಲವರಿಗೆ ಮಾಲ್ಕಿ, ಅಂದರೆ ಸ್ವಂತ ಒಡೆತನದ ಜಮೀನಿನಲ್ಲೇ ಎರಡು ಮೂರು ಎಕರೆ ಮರಗಾಡು ಇದೆ. ಕಾಗದಪತ್ರ ಹೇಗೇ ಇರಲಿ, ಯಾವ ಮರದ ಸೊಪ್ಪು ಇಳಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ವರ್ಷವರ್ಷವೂ ತೀರ್ಮಾನ ಮಾಡುವವರು ನಾವೇ. ನನ್ನ ಮಾತೆಲ್ಲ ಆ ತೀರ್ಮಾನದ ಬಗ್ಗೆ.

ಇಂಥ ಸಭೆಗಳಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿಯ ಹೆಸರು ಬಂದೇ ಬರುತ್ತದೆ. 1991ರಲ್ಲಿ ದಕ್ಷಿಣ ಕೊಡಗಿನಲ್ಲಿ 55 ಎಕರೆ ಕೊಂಡು, ಅಕ್ಕಪಕ್ಕದ ಪಾಳುಬಿದ್ದ ತೋಟಗಳನ್ನೂ ಸೇರಿಸಿಕೊಳ್ಳುತ್ತ ಸುಮಾರು 300 ಎಕರೆಯನ್ನು ಅವರು ಕಾಡಿಗೆ ಬಿಟ್ಟರು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಆ ಕಥೆ ಕೇಳಿದ ಮೂರು ಎಕರೆಯವನು ‘ನಮ್ಮದೇನು ಮಹಾ’ ಎಂದು ಎದ್ದು ಹೋಗುವುದನ್ನು ನೋಡಿದ್ದೇನೆ. ಮೂರು ಎಕರೆಗೆ ಆನೆ, ಹುಲಿ ಬರುವುದು ಬೇಡ. ಬಂದರೆ ಕಷ್ಟ ನಮಗೇ. ಪೊಟರೆಯಲ್ಲಿ ಮರಿ ಮಾಡುವ, ತರಗೆಲೆ ಕೆದಕುವ, ಹಣ್ಣು ತಿಂದು ಬೀಜ ಉದುರಿಸುವ ಜೀವಿಗಳಿಗೆ ಮೂರು ಎಕರೆ ಸಣ್ಣದೇನಲ್ಲ.

ಕಾಡು ಮಾಡಬೇಕು ಎಂದ ಕೂಡಲೇ ಜನ ನರ್ಸರಿಗೆ ಹೊರಡುತ್ತಾರೆ. ಗುಂಡಿ ತೋಡುವ ಮೊದಲು ಜಾಗವನ್ನೆಲ್ಲ ಸವರಿ ಬಯಲು ಮಾಡುತ್ತಾರೆ. ಹಾಗೆ ಸವರಿದ್ದರಲ್ಲಿ ತಾನಾಗಿ ಹುಟ್ಟಿದ ಮತ್ತಿ, ಹೊನ್ನೆ, ನೇರಳೆ, ಸಳ್ಳೆಯ ಸಸಿಗಳೂ ಹೋಗಿರುತ್ತವೆ. ಅವು ನೀರು ಹಾಕದೆ ಎರಡು ಬೇಸಿಗೆ ದಾಟಿದ ಸಸಿಗಳು. ಅವನ್ನು ಕಿತ್ತು ಪ್ಲಾಸ್ಟಿಕ್ ಚೀಲದ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ದನ ನುಗ್ಗದಂತೆ ಬೇಲಿ, ಬೆಂಕಿ ಬೀಳದಂತೆ ಬೇಸಿಗೆಗೆ ಮುಂಚೆ ಅಂಚಿನಲ್ಲಿ ಎರಡು ಮೀಟರ್ ಅಗಲ ಕೆರೆದ ಬೆಂಕಿರೇಖೆ, ಇಷ್ಟು ಮಾಡಿ ಒಂದೆರಡು ಮಳೆಗಾಲ ಕಾಯಿರಿ. ಆಮೇಲೆ ಖಾಲಿ ಉಳಿದ ಕಡೆ ನೆಡೋಣ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಚೊಕ್ಕ ಬೆಟ್ಟ ಎಂದರೆ ನಮಗೆ ಹೆಮ್ಮೆ. ಒಣಮರ ಇರಬಾರದು, ಸೊಟ್ಟ ಮರ ಇರಬಾರದು, ಬಳ್ಳಿ ಇರಬಾರದು, ನೆಲದಲ್ಲಿ ಒಂದು ಎಲೆ ಇರಬಾರದು. ಈ ಪಟ್ಟಿಯಲ್ಲಿರುವ ಒಂದೊಂದೂ ಯಾವುದೋ ಜೀವಿಯ ಮನೆಯೋ ಊಟವೋ ಆಗಿದೆ.

ಒಣಮರವನ್ನೇ ತೆಗೆದುಕೊಳ್ಳಿ. ಚಳಿಗಾಲ ಮುಗಿಯುವ ಹೊತ್ತಿಗೆ ಸತ್ತ ಕೊಂಬೆಯೊಂದರ ಬುಡದಲ್ಲಿ ನಿಂತು ನೋಡಿ, ನೆಲದ ಮೇಲೆ ಹೊಸ ಮರದ ಹುಡಿ ಬಿದ್ದಿರುತ್ತದೆ. ತಲೆ ಎತ್ತಿದರೆ ಕುಟ್ರು ಹಕ್ಕಿ ಕಾಣುತ್ತದೆ. ವಾಲಿದ ಕೊಂಬೆಯಾದರೆ ಅದರ ಕೆಳಮೈಗೆ ತೂತು ಕೊರೆಯುತ್ತದೆ, ಮಳೆನೀರು ಒಳಗೆ ಇಳಿಯದ ಹಾಗೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕುಟ್ಟುತ್ತವೆ. ಹಸಿಮರವನ್ನು ಕೊರೆಯುವ ಶಕ್ತಿ ಆ ಕೊಕ್ಕಿಗಿಲ್ಲ, ಮೆತ್ತಗಾದ ಸತ್ತ ಮರವೇ ಬೇಕು. ಮರಿ ಹಾರಿಹೋದ ಮೇಲೆ ಆ ತೂತು ಬಾಡಿಗೆ ಮನೆಯಂತೆ ಕೈ ಬದಲಾಯಿಸುತ್ತದೆ. ಮಡಿವಾಳ ಹಕ್ಕಿ ಬರುತ್ತದೆ, ಮೈನಾ ಬರುತ್ತದೆ, ತೂತು ಹಿಗ್ಗಿದರೆ ಗಿಳಿ, ಸಣ್ಣ ಗೂಬೆ. ಇವು ಯಾವುವೂ ಸ್ವತಃ ಮರ ಕೊರೆದು ಮನೆ ಕಟ್ಟುವ ಜಾತಿಯವಲ್ಲ. ಒಂದು ಒಣಮರ ಸೌದೆಯಾದರೆ ಎಷ್ಟು ದಿನ ಒಲೆ ಉರಿಯುತ್ತದೆ? ಗ್ಯಾಸ್ ಬಂದ ಮನೆಗಳಲ್ಲಿ ಆ ಅವಸರವೂ ಈಗ ಇಲ್ಲ. ದಾರಿಯ ಮೇಲೋ ವಿದ್ಯುತ್ ತಂತಿಯ ಮೇಲೋ ಬೀಳುವಂತಿದ್ದರೆ ಬೇರೆ ಮಾತು.

ಜೀವಂತ ಮರದ ಪೊಟರೆ ಇನ್ನೂ ಬೆಲೆಯುಳ್ಳದ್ದು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಕೆಮ್ಮಿ ನಕ್ಕಂತೆ ಕೂಗುವ ಬೂದು ಬಣ್ಣದ ಸಣ್ಣ ಮಂಗಟ್ಟೆಯನ್ನು ನೀವೆಲ್ಲ ಬಲ್ಲಿರಿ. ಬೇಸಿಗೆಯಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ. ವಾರಗಟ್ಟಲೆ ಗಂಡು ಹಣ್ಣು, ಹುಳ, ಓತಿ ತಂದು ಆ ಸೀಳಿನಲ್ಲಿ ಕೊಡಬೇಕು. ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು, ಗಾಯ ಕೊಳೆತು, ದಶಕಗಳಲ್ಲಿ ತಾನಾಗಿ ಆಗುವ ಪೊಟರೆಯೇ ಅದಕ್ಕೆ ಗತಿ. ಒಳ್ಳೆಯದು ಸಿಕ್ಕರೆ ವರ್ಷವರ್ಷವೂ ಅದಕ್ಕೇ ಮರಳುತ್ತದೆ. ಬಡಗಿ ನೋಡಿ ‘ಇದು ಟೊಳ್ಳು, ಉಪಯೋಗವಿಲ್ಲ’ ಎನ್ನುವ ಮರಕ್ಕೆ ಸುಣ್ಣದಲ್ಲಿ ಒಂದು ಗುರುತು ಹಾಕಿ, ಮಕ್ಕಳಿಗೂ ಸೊಪ್ಪು ಕಡಿಯುವವರಿಗೂ ತೋರಿಸಿಡಿ. ಹಾರುಬೆಕ್ಕು ಎನ್ನುವ ಹಾರುವ ಅಳಿಲಿಗೂ ತುಡುವೆ ಜೇನಿಗೂ ಬೇಕಾದ್ದು ಅದೇ ಮರ. ಇನ್ನು ಬೆಟ್ಟದ ಹಸಿಮರವನ್ನು ಅನುಮತಿಯಿಲ್ಲದೆ ಉರುಳಿಸುವಂತಿಲ್ಲ. ಮಾಲ್ಕಿ ಜಮೀನಿನಲ್ಲಿಯೂ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟರೆ, 1976ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಹಣ್ಣಿನ ವಿಷಯ. ಹಲಸು, ನೇರಳೆ, ಮುರುಗಲು, ಬೈನೆ ಎಲ್ಲ ಇರಲಿ. ಆದರೆ ಒಂದೇ ಜಾತಿ ಆರಿಸಿ ಎಂದರೆ ನಾನು ಅತ್ತಿ, ಗೋಣಿ, ಬಸರಿಯ ಕುಲವನ್ನು ಆರಿಸುತ್ತೇನೆ. ಕಾರಣ ಒಂದು ಕಣಜ. ಸಾಸಿವೆಗಿಂತ ಚಿಕ್ಕದಾದ ಈ ಕಣಜ ಅತ್ತಿಯ ಕಾಯಿಯೊಳಗೆ ನುಗ್ಗಿ ಮೊಟ್ಟೆಯಿಡುತ್ತದೆ, ಜೊತೆಗೆ ಪರಾಗಸ್ಪರ್ಶ ಮಾಡುತ್ತದೆ. ಅಲ್ಲೇ ಬೆಳೆದು ಹೊರಬಂದ ಹೊಸ ಕಣಜದ ಆಯಸ್ಸು ಒಂದೆರಡು ದಿನ. ಅಷ್ಟರೊಳಗೆ ಸುತ್ತಿನಲ್ಲಿ ಇನ್ನೊಂದು ಮರ ಎಳೆಗಾಯಿ ಬಿಟ್ಟು ಸಿದ್ಧವಾಗಿರದಿದ್ದರೆ ಕಣಜದ ವಂಶವೇ ಮುಗಿಯಿತು. ಅದಕ್ಕೇ ಈ ಕುಲದ ಮರಗಳು ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಇದು ಈಗ, ಅದು ಎರಡು ತಿಂಗಳು ಬಿಟ್ಟು. ಬೇರೆ ಮರಗಳೆಲ್ಲ ಬರಿದಾದ ದಿನಗಳಲ್ಲೂ ಎಲ್ಲೋ ಒಂದು ಗೋಣಿಮರ ಹಣ್ಣು ತುಂಬಿಕೊಂಡಿರುತ್ತದೆ. ಹಗಲು ಮಂಗಟ್ಟೆ, ಹಸಿರು ಪಾರಿವಾಳ, ಕೆಂಜಳಿಲು. ಕತ್ತಲಾದ ಮೇಲೆ ಬಾವಲಿ, ಕಬ್ಬೆಕ್ಕು. ಹಕ್ಕಿ ಹಿಕ್ಕೆಯಿಂದ ಬೇರೆ ಮರದ ಮೇಲೆ ಹುಟ್ಟಿದ ಗೋಣಿಸಸಿಯನ್ನು ಕೆಡುಕೆಂದು ಕಿತ್ತೊಗೆಯುತ್ತೇವಲ್ಲ, ಅವುಗಳಲ್ಲಿ ಒಂದೆರಡನ್ನಾದರೂ ಬಿಡಿ. ಹೊಸದಾಗಿ ಬೇಕಾದರೆ ಮುಂಗಾರು ಹಿಡಿಯುವ ಹೊತ್ತಿಗೆ ತೋಳು ದಪ್ಪದ ಗೂಟ ಕಡಿದು, ಮೇಲ್ತುದಿಗೆ ಸೆಗಣಿ ಮೆತ್ತಿ ಹೂಳಿ. ಹೆಚ್ಚಿನವು ಚಿಗುರುತ್ತವೆ. ತೋಟದಿಂದ, ಮನೆಯಿಂದ, ಬಾವಿಕಟ್ಟೆಯಿಂದ ದೂರವಿರಲಿ, ಅದರ ಬೇರು ಅವನ್ನು ಸುಮ್ಮನೆ ಬಿಡುವುದಿಲ್ಲ.

ಸೊಪ್ಪು ಕಡಿಯಬೇಡಿ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಕಡಿಯಿರಿ, ತೋಟ ಬದುಕಬೇಕು. ಆದರೆ ತುದಿ ಕಡಿಯಬೇಡಿ, ಅದೇ ಮರವನ್ನು ಪ್ರತಿವರ್ಷ ಬೋಳಿಸಬೇಡಿ. ವರ್ಷವರ್ಷ ಬೋಳಾದ ಮರ ಚಿಗುರುವುದರಲ್ಲೇ ಸುಸ್ತಾಗಿ ಹೂ ಬಿಡುವುದನ್ನು ಮರೆಯುತ್ತದೆ. ಹೂವಿಲ್ಲ ಎಂದರೆ ಬೀಜವಿಲ್ಲ, ಮುಂದಿನ ತಲೆಮಾರಿನ ಮರವೂ ಇಲ್ಲ. ಬೆಟ್ಟವನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಆ ವರ್ಷ ಕತ್ತಿಯೂ ಪೊರಕೆಯೂ ಹೋಗದಿರಲಿ. ದರಕು ಉಳಿದ ಪಾಲಿನಲ್ಲಿ ಹಾವುರಾಣಿ, ಕಪ್ಪೆ, ಕಾಡುಕೋಳಿ, ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಹಕ್ಕಿ ಎಲ್ಲಕ್ಕೂ ಕೆದಕಲು ನೆಲ ಸಿಗುತ್ತದೆ.

ದರಕಿನ ಮಾತು ಬಂದಾಗ ಉಣುಗನ್ನು ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಈ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. ದರಕು ಗುಡಿಸುವ ತಿಂಗಳುಗಳೂ ಕಾಯಿಲೆಯ ತಿಂಗಳುಗಳೂ ಒಂದೇ. ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಹಚ್ಚುವ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಕಾಡುಪ್ರೀತಿಯ ಭಾಷಣಗಳಲ್ಲಿ ಇದನ್ನು ಹೇಳದಿರುವುದು ನನಗೆ ಸರಿಕಾಣುವುದಿಲ್ಲ.

ನೀರು. ಮಳೆಗಾಲದ ಹರಿವು ಬೆಟ್ಟದಲ್ಲೇ ಇಂಗಲಿ ಎಂದು ಗುಂಡಿ ತೆಗೆದವರು ಇಲ್ಲಿ ಅನೇಕರಿದ್ದೀರಿ, ಅದರ ಬಗ್ಗೆ ಪಾಠ ಬೇಡ. ನನ್ನ ಕೋರಿಕೆ ಹಳ್ಳದ ಅಂಚಿನದು. ಎರಡೂ ದಂಡೆಯಲ್ಲಿ ನಾಲ್ಕಾರು ಮಾರು ಜಾಗದ ಪೊದೆಗೆ ಕತ್ತಿ ಹಾಕಬೇಡಿ. 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕುಂಬಾರ ಕಪ್ಪೆ ನಮ್ಮ ಪಕ್ಕದ ಕತ್ತಲೆಕಾನಿನಂಥ ಕಡೆಯ ತೊರೆಗಳದ್ದು. ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿದ ಮೇಲೆ ಗಂಡು ಕಪ್ಪೆ ತೊರೆಯ ತಳದಿಂದ ಕೆಸರು ಬಾಚಿ ತಂದು, ಕೈಯಿಂದ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕಡ್ಡಿಯೇ ಇಲ್ಲದ, ಸಿಮೆಂಟು ಕಟ್ಟಿದ ಚೊಕ್ಕ ಕಾಲುವೆಯಲ್ಲಿ ಅದು ಎಲ್ಲಿ ಮೆತ್ತಬೇಕು?

ಕಡೆಯದಾಗಿ ಪಕ್ಕದ ಮನೆಯವರು. 2011ರಲ್ಲಿ ಘೋಷಣೆಯಾಗಿ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಹೋದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ನಮ್ಮ ಜಿಲ್ಲೆಯದೇ. ಸಿಂಗಳೀಕ ಮರದಿಂದ ಮರಕ್ಕೆ ದಾಟಿಕೊಂಡು ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಕಡಿಮೆ. ಹಾರುಬೆಕ್ಕು, ಕೆಂಜಳಿಲುಗಳದೂ ಅದೇ ರೀತಿ. ನಿಮ್ಮ ಬೆಟ್ಟದ ಗಡಿಮರಗಳ ತಲೆ ಪಕ್ಕದವರ ಮರಗಳ ತಲೆಗೆ ತಾಗಿಕೊಂಡಿದ್ದರೆ ಮೂರು ಎಕರೆ ಮೂವತ್ತಾಗುತ್ತದೆ. ಗಡಿಜಗಳದಲ್ಲಿ ಮೊದಲು ಉರುಳುವುದೂ ಆ ಮರಗಳೇ. ಅಳತೆ ಬೇಕಾದರೆ ಕಲ್ಲು ಹುಗಿಯಿರಿ.

ನನಗೆ ಕೊಟ್ಟ ಸಮಯ ಮುಗಿಯಿತು. ಇಷ್ಟು ಹಣ್ಣು ಬೆಳೆಸಿದರೆ ಮಂಗ, ಹಂದಿ ತೋಟಕ್ಕೆ ಬರುವುದು ನಿಲ್ಲುತ್ತದೆಯೇ ಎಂದು ಯಾರಾದರೂ ಕೇಳುವವರಿದ್ದೀರಿ. ನಿಲ್ಲುತ್ತದೆ ಎಂದು ಭರವಸೆ ಕೊಡಲು ನಾನು ತಯಾರಿಲ್ಲ. ಬಾಳೆಗೊನೆ ಕಾಯುವ ಕೆಲಸ ನಮಗೆ ತಪ್ಪಿದ್ದಲ್ಲ. ಬೇರೆ ಪ್ರಶ್ನೆಗಳಿದ್ದರೆ ಕೇಳಿ.